ಅಕ್ಟೋಬರ್ ಕಾರ್ಯಕ್ರಮದಲ್ಲಿ ಮಾತಾಡಿ ಅಂತಿದ್ದಾರೆ, ಒಪ್ಪಿಕೊಳ್ಳಲಾ?

ಕೇಳಿದವರು, ದಾವಣಗೆರೆ:
ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿದಿದೆ, ಮತ್ತೆ ಬರದಿರಲಿ ಅಂತ ಕೊಡೋ ಟ್ಯಾಮಾಕ್ಸಿಫೆನ್ ಮಾತ್ರೆ ನಡೀತಿದೆ. ಅಕ್ಟೋಬರ್‌ನಲ್ಲಿ ಆಫೀಸಿನವರು ಜಾಗೃತಿ ಕಾರ್ಯಕ್ರಮ ಇಟ್ಟುಕೊಂಡಿದ್ದಾರೆ. ಗುಲಾಬಿ ಸೀರೆ ಉಟ್ಟು ಬಂದು "ಸ್ಫೂರ್ತಿ ಬರೋ ಹಾಗೆ" ಮಾತಾಡಬೇಕಂತೆ. ನಾಲ್ಕು ಜನಕ್ಕೆ ಉಪಯೋಗ ಆಗೋದಾದ್ರೆ ನನಗೇನೂ ಸಂಕೋಚ ಇಲ್ಲ. ಆದರೂ ಯಾಕೋ ಮನಸ್ಸು ಒಪ್ತಿಲ್ಲ. ಹೀಗೆ ಹೋಗಿ ಬಂದವರಿದ್ದರೆ ಹೇಳಿ.

ಧಾರವಾಡದಿಂದ:
ಹೋಗ್ರಿ ಅಕ್ಕಾರ. ಆದ್ರ ಅವರು ಬರೆದುಕೊಟ್ಟಿದ್ದು ಓದಬ್ಯಾಡ್ರಿ. ನನ್ನ ಕರೆದಾಗ ನಿರೂಪಣೆ ಮಾಡಾಕಿ "ಕ್ಯಾನ್ಸರ್ ಗೆದ್ದ ವೀರನಾರಿ" ಅಂದ್ಲು. ಮುಂದಿನ ಸಾಲಿನ್ಯಾಗ ನನ್ನ ಕೂಡ ಕೀಮೋ ತಗೊಂಡಾಕಿ ಕುಂತಿದ್ಲು, ಆಕಿಗೆ ಎಲುಬಿಗೆ ಹಬ್ಬಿತ್ತು. ನಾ ಗೆದ್ದಾಕಿ ಅಂದ್ರ ಆಕಿ ಏನು ಸೋತಾಕಿ ಏನ್ರಿ? ಸಿಟ್ಟು ನುಂಗಿಕೊಂಡು, ನೋವಿಲ್ಲದ ಗಂಟು ಅಂತ ಸುಮ್ಮನ ಕುಂಡ್ರಬ್ಯಾಡ್ರಿ, ಆಪರೇಷನ್ ಆದ ಮ್ಯಾಲೆ ತೋಳು ಬಾತ್ರ ಡಾಕ್ಟರಿಗೆ ತೋರಸ್ರಿ, ಇಷ್ಟ ಹೇಳಿ ಇಳಿದೆ. ಚಪ್ಪಾಳಿ ಕಡಿಮಿನ ಬಿತ್ತು. ಆಮ್ಯಾಲೆ ಕೈ ತೊಳಿಯೋ ಕಡೆ ಒಬ್ಬಾಕಿ ನಿಲ್ಲಿಸಿ, "ಅಕ್ಕಾ, ನನಗೂ ಇಲ್ಲೊಂದು ಹತ್ತತೈತಿ" ಅಂದ್ಲು.

ಬೆಂಗಳೂರಿನಿಂದ:
ನಾನು ಹೋಗೋದು ಬಿಟ್ಟಿದ್ದೀನಿ. ಇಂಥ ಕಾರ್ಯಕ್ರಮಗಳಲ್ಲಿ ಚುಚ್ಚಿಕೊಳ್ಳೋ ಗುಲಾಬಿ ರಿಬ್ಬನ್ನಿನ ಹಿಂದಿನ ಕಥೆ ಕೇಳಿ. ಅಮೆರಿಕದ ಷಾರ್ಲಟ್ ಹೇಲಿ ಅನ್ನೋರು ಮನೆಯಲ್ಲೇ ಪೀಚ್ ಬಣ್ಣದ ರಿಬ್ಬನ್ ಮಾಡಿ ಹಂಚ್ತಿದ್ದರು. ಜೊತೆಗೊಂದು ಕಾರ್ಡು: ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಬಜೆಟ್‌ನಲ್ಲಿ ಶೇ 5 ಮಾತ್ರ ರೋಗ ತಡೆಯೋದಕ್ಕೆ ಹೋಗ್ತಿದೆ, ಸರ್ಕಾರವನ್ನ ಎಬ್ಬಿಸಿ ಅಂತ. 1992ರಲ್ಲಿ ಸೆಲ್ಫ್ ಅನ್ನೋ ಮಹಿಳಾ ಪತ್ರಿಕೆಯವರು ಆ ರಿಬ್ಬನ್ ಕೇಳಿದಾಗ, ಇದು ವ್ಯಾಪಾರ ಆಗುತ್ತೆ ಅಂತ ಆಕೆ ಕೊಡಲಿಲ್ಲ. ಪತ್ರಿಕೆ, ಎಸ್ಟೀ ಲಾಡರ್ ಅನ್ನೋ ಮೇಕಪ್ ಸಾಮಾನಿನ ಕಂಪನಿ ಸೇರಿ ಗುಲಾಬಿ ಬಣ್ಣದ್ದು ಮಾಡಿಸಿ ಅಂಗಡಿ ಅಂಗಡಿಯಲ್ಲಿ ಹಂಚಿದರು. ಹೇಲಿಯವರ ಬೇಡಿಕೆಯ ಸುದ್ದಿಯೇ ಇಲ್ಲ! ಹೋಗಲೇಬೇಕು ಅನಿಸಿದರೆ ಎಚ್‌ಆರ್‌ನವರನ್ನ ಮೊದಲೇ ಕೇಳಿ: ಫಾಲೋಅಪ್‌ಗೆ ಸಂಬಳದ ರಜೆ ಕೊಡ್ತೀರಾ? ಗುತ್ತಿಗೆ ಹೆಂಗಸರಿಗೂ ತಪಾಸಣೆ ಇದೆಯಾ?

ಶಿವಮೊಗ್ಗ ಕಡೆಯಿಂದ, ಆರೋಗ್ಯ ಉಪಕೇಂದ್ರದಲ್ಲಿ ಕೆಲಸ:
ನಾನು ರೋಗಿಯಲ್ಲ ಮೇಡಂ, ಆದ್ರೂ ಒಂದು ಹೇಳ್ತೀನಿ. ಮುಂಬೈಯಲ್ಲಿ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯವರು ಒಂದೂವರೆ ಲಕ್ಷ ಹೆಂಗಸರನ್ನ ಎರಡು ಗುಂಪು ಮಾಡಿ 20 ವರ್ಷ ಗಮನಿಸಿದರು. ಒಂದು ಗುಂಪಿಗೆ ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಸ್ತನವನ್ನ ಕೈಯಲ್ಲೇ ಮುಟ್ಟಿ ನೋಡಿದರು, ಮ್ಯಾಮೊಗ್ರಾಮ್ ಅನ್ನೋ ಸ್ತನದ ಎಕ್ಸ್‌ರೇ ಇಲ್ಲ. 2021ರಲ್ಲಿ ಫಲಿತಾಂಶ ಬಂತು: ಆ ಗುಂಪಿನಲ್ಲಿ 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್‌ನಿಂದಾಗೋ ಸಾವು ಹತ್ತಿರ ಹತ್ತಿರ ಶೇ 30 ಕಡಿಮೆ. ಚಿಕ್ಕ ವಯಸ್ಸಿನವರ ಸಾವಿನಲ್ಲಿ ಅಂಥ ಇಳಿಕೆ ಇರಲಿಲ್ಲ, ಅದನ್ನೂ ಹೇಳಬೇಕು. ಸರ್ಕಾರಿ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಈ ಪರೀಕ್ಷೆ ಪುಕ್ಕಟೆ, ಆದರೆ ಕೇಳಿಕೊಂಡು ಬರೋರು ಕಮ್ಮಿ. ಬಲೂನು ಕಟ್ಟೋದಾದ್ರೆ ಕಟ್ಟಲಿ ಬಿಡಿ. ಪಕ್ಕದ ಕೋಣೆಗೆ ಪರದೆ ಹಾಕಿಸಿ, ತರಬೇತಿ ಆದ ಸಿಸ್ಟರ್ ಒಬ್ಬರನ್ನ ಕರೆಸೋಕೆ ಹೇಳಿ. 50 ದಾಟಿದ ಹೌಸ್‌ಕೀಪಿಂಗ್ ಅಕ್ಕಂದಿರನ್ನ ಮೊದಲು ಒಳಗೆ ಕಳಿಸಿ, ಭಾಷಣ ಆಮೇಲೆ.