ತಂಬಾಕಿನ ಗಿಡದಲ್ಲಿ ಲಸಿಕೆ ಮಾಡ್ತಾರಂತೆ, ನಿಜಾನಾ? (ಪ್ರಶ್ನೋತ್ತರ)

ಪ್ರಶ್ನೆ: ಮೇಡಂ, ತಂಬಾಕಿನ ಗಿಡದಲ್ಲಿ ಕೋವಿಡ್ ಲಸಿಕೆ ಮಾಡಿದ್ರು ಅಂತ ಓದಿದೆ. ಇದು ಕಷಾಯದ ಥರಾನಾ, ಇಲ್ಲ ನಿಜವಾದ ಲಸಿಕೇನಾ? ಗಿಡದೊಳಗೆ ವೈರಸ್ ಬೆಳೆಸ್ತಾರಾ? ನಿಕೋಟಿನ್ ಮೈಗೆ ಸೇರಲ್ವಾ?

ಉತ್ತರ: ನಿಜವಾದ ಲಸಿಕೇನೇ ಸರ್, ಇಂಜೆಕ್ಷನ್ ಮೂಲಕಾನೇ ಕೊಡೋದು. ವೈರಸ್ಸನ್ನ ಬೆಳೆಸಲ್ಲ, ಅದರ ಹೊರಮೈ ಪ್ರೋಟೀನಿನ ಜೀನ್ ಮಾತ್ರ ತಗೊಂಡು ಆಗ್ರೋಬ್ಯಾಕ್ಟೀರಿಯಂ ಅನ್ನೋ ಮಣ್ಣಿನ ಬ್ಯಾಕ್ಟೀರಿಯಾಕ್ಕೆ ಸೇರಿಸ್ತಾರೆ, ಗಿಡದ ಜೀವಕೋಶಕ್ಕೆ ಡಿಎನ್‌ಎ ದಾಟಿಸೋದು ಅದರ ಹುಟ್ಟುಗುಣ. ಆಮೇಲೆ ಗಿಡಗಳನ್ನ ತಲೆಕೆಳಗು ಮಾಡಿ ಆ ಬ್ಯಾಕ್ಟೀರಿಯಾ ಇರೋ ದ್ರವದಲ್ಲಿ ಎಲೆ ಮುಳುಗಿಸಿ ವ್ಯಾಕ್ಯೂಮ್ ಕೊಡ್ತಾರೆ, ಎಲೆಯೊಳಗಿನ ಗಾಳಿ ಗುಳ್ಳೆಗುಳ್ಳೆಯಾಗಿ ಹೊರಗೆ ಬರುತ್ತೆ, ವ್ಯಾಕ್ಯೂಮ್ ತೆಗೆದ ತಕ್ಷಣ ಖಾಲಿಯಾದ ಜಾಗಕ್ಕೆ ದ್ರವ ನುಗ್ಗಿ ಎಲೆ ಪೂರ್ತಿ ನೆನೆದು ಕಡುಹಸಿರಾಗುತ್ತೆ, ನೋಡೋಕೇ ಚೆಂದ. ಆ ಜೀನ್ ಬಳಸ್ಕೊಂಡು ಎಲೆಯ ಜೀವಕೋಶಗಳೇ ವೈರಸ್ಸಿನ ಪ್ರೋಟೀನ್ ತಯಾರಿಸ್ತವೆ, ಸುಮಾರು ಒಂದು ವಾರದಲ್ಲಿ ಎಲೆ ಕೊಯ್ದು ಅದರಿಂದ ಪ್ರೋಟೀನ್ ಬೇರ್ಪಡಿಸ್ತಾರೆ. ಅಷ್ಟರಲ್ಲಿ ಆ ಪ್ರೋಟೀನ್‌ಗಳು ತಾವಾಗೇ ಕೂಡ್ಕೊಂಡು ವೈರಸ್ಸಿನ ಆಕಾರದ ಕಣಗಳಾಗಿರ್ತವೆ, ಒಳಗೆ ವೈರಸ್ಸಿನ ಜೀನ್‌ಗಳು ಇರಲ್ಲ, ಹಾಗಾಗಿ ಸೋಂಕು ತಗಲೋ ಪ್ರಶ್ನೇನೇ ಇಲ್ಲ.

ಗಿಡದ ಹೆಸರು ನಿಕೋಟಿಯಾನಾ ಬೆಂಥಾಮಿಯಾನಾ, ಆಸ್ಟ್ರೇಲಿಯಾ ಮೂಲದ್ದು, ತಂಬಾಕಿನ ಹತ್ತಿರದ ಸಂಬಂಧಿ, ಸಿಗರೇಟಿಗೆ ಬಳಸೋದು ಇದಲ್ಲ. ನಿಕೋಟಿನ್ ಶುದ್ಧೀಕರಣದಲ್ಲಿ ಹೋಗುತ್ತೆ.

ಪ್ರಶ್ನೆ: ಹಾಗಾದ್ರೆ ಬಾಳೆಹಣ್ಣಲ್ಲೋ ಆಲೂಗಡ್ಡೆಯಲ್ಲೋ ಲಸಿಕೆ ಬೆಳೆದು ಸೂಜಿ ಇಲ್ಲದೆ ಮಕ್ಕಳಿಗೆ ತಿನ್ನಿಸಬಹುದಲ್ವಾ?

ಉತ್ತರ: 1990ರ ದಶಕದಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಚಾರ್ಲ್ಸ್ ಆರ್ಂಟ್ಜನ್ ಅವರ ತಂಡದ ಕನಸು ಅದೇ ಆಗಿತ್ತು. ಹೆಪಟೈಟಿಸ್ ಬಿ ಪ್ರೋಟೀನ್ ಇರೋ ಆಲೂಗಡ್ಡೇನ ಮೊದಲೇ ಆ ಲಸಿಕೆ ಆಗಿದ್ದವರಿಗೆ ತಿನ್ನಿಸಿ ನೋಡಿದ್ರು, ಅದೂ ಬೇಯಿಸದೆ ಹಸಿಯಾಗೇ, ಯಾಕಂದ್ರೆ ಬೇಯಿಸಿದ್ರೆ ಪ್ರೋಟೀನ್ ಕೆಡುತ್ತೆ. 2005ರಲ್ಲಿ ಬಂದ ಫಲಿತಾಂಶದಲ್ಲಿ ಹಲವರಿಗೆ ರೋಗದ ವಿರುದ್ಧ ಹೋರಾಡೋ ಪ್ರತಿಕಾಯ ಏರಿತ್ತು. ಆದ್ರೆ ಒಂದು ಗೆಡ್ಡೆಯಲ್ಲಿ ಇರೋಷ್ಟು ಪ್ರೋಟೀನ್ ಇನ್ನೊಂದರಲ್ಲಿ ಇರಲ್ಲ, ಹೊಟ್ಟೆಯಲ್ಲಿ ಒಂದಷ್ಟು ಜೀರ್ಣ ಆಗೋಗುತ್ತೆ, ತಿಂದಿದ್ದನ್ನ ದೇಹ ಆಹಾರ ಅಂತ ಸಹಿಸ್ಕೊಂಡು ಸುಮ್ನಾಗೋ ಸಾಧ್ಯತೇನೂ ಇದೆ. ಡೋಸ್ ಎಷ್ಟು ಅಂತ ಖಚಿತವಾಗಿ ಹೇಳೋಕಾಗದ್ದನ್ನ ಮಕ್ಕಳಿಗೆ ಕೊಡೋಕೆ ನಾನಂತೂ ಒಪ್ಪಲ್ಲ.

ಪ್ರಶ್ನೆ: ಇಷ್ಟು ಚೆನ್ನಾಗಿದ್ರೆ ಆ ಕೋವಿಡ್ ಲಸಿಕೆ ಈಗ್ಯಾಕೆ ಎಲ್ಲೂ ಇಲ್ಲ?

ಉತ್ತರ: ನನಗೆ ತುಂಬಾ ಬೇಜಾರಾಗಿರೋ ವಿಷಯ ಇದು. ಕೆನಡಾದ ಮೆಡಿಕಾಗೋ ಕಂಪನಿಯ ಕೋವಿಫೆನ್ಸ್ ಅನ್ನೋ ಆ ಲಸಿಕೆಗೆ 2022ರ ಫೆಬ್ರವರಿಯಲ್ಲಿ ಅಲ್ಲಿನ ಸರ್ಕಾರ 18ರಿಂದ 64 ವಯಸ್ಸಿನವರಿಗೆ ಅನುಮತಿ ಕೊಡ್ತು, ಪರೀಕ್ಷೆಯಲ್ಲಿ ಸುಮಾರು ಶೇ. 70 ರಕ್ಷಣೆ ಕಂಡಿತ್ತು, ಮಾಮೂಲಿ ಫ್ರಿಜ್ಜಲ್ಲೇ ಇಡಬಹುದಿತ್ತು. ಆದ್ರೆ ಕಂಪನಿಯಲ್ಲಿ ಸಿಗರೇಟು ತಯಾರಿಸೋ ಫಿಲಿಪ್ ಮಾರಿಸ್‌ನ ಪಾಲಿತ್ತು, ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಮುಂದಿನ ತಿಂಗಳೇ, ಬಡ ದೇಶಗಳಿಗೆ ಲಸಿಕೆ ಕಳಿಸೋಕೆ ಬೇಕಾದ ತನ್ನ ತುರ್ತು ಬಳಕೆ ಪಟ್ಟಿಗೆ ಇದನ್ನ ಸೇರಿಸೋದು ಬಹುತೇಕ ಅನುಮಾನ ಅಂತು. ಆ ನಿಲುವು ನನ್ನ ಪ್ರಕಾರ ಸರಿ, ತಂಬಾಕು ಕಂಪನಿಗಳಿಗೆ ಆರೋಗ್ಯದ ಹೆಸರಲ್ಲಿ ಬಾಗಿಲು ತೆಗೀಬಾರ್ದು, ಆ ದುಡ್ಡು ಸೇರದೇ ಇದ್ದಿದ್ರೆ ಬಡ ದೇಶಗಳಿಗೆ ಹೋಗೋ ದಾರಿಯಾದ್ರೂ ತೆರೆದಿರ್ತಿತ್ತು ಅನ್ನೋದೇ ನನ್ನ ಸಂಕಟ. ಅಷ್ಟೊತ್ತಿಗೆ ಮಾರ್ಕೆಟ್ಟಲ್ಲಿ ಬೇರೆ ಲಸಿಕೆಗಳು ತುಂಬಿದ್ವು, 2023ರ ಫೆಬ್ರವರಿಯಲ್ಲಿ ಮಾಲೀಕ ಕಂಪನಿ ಮಿತ್ಸುಬಿಷಿ ಕೆಮಿಕಲ್ ಗ್ರೂಪ್ ಮೆಡಿಕಾಗೋನ ಮುಚ್ತೀವಿ ಅಂತ ಹೇಳ್ತು.

ಹಾಗಂತ ವಿಧಾನಾನೇ ಸೋತಿದೆ ಅನ್ಕೋಬೇಡಿ. ಇದೇ ಜಾತಿಯ ಗಿಡದಲ್ಲಿ ತಯಾರಾದ ಝಡ್‌ಮ್ಯಾಪ್ ಪ್ರತಿಕಾಯಗಳನ್ನ 2014ರಲ್ಲಿ ಎಬೋಲಾ ರೋಗಿಗಳಿಗೆ ಕೊಟ್ಟಿದ್ರು, ಗೌಶೆ ಅನ್ನೋ ಆನುವಂಶಿಕ ಕಾಯಿಲೆಗೆ ಕ್ಯಾರೆಟ್ ಜೀವಕೋಶದಲ್ಲಿ ಮಾಡೋ ಕಿಣ್ವಕ್ಕೆ ಅಮೆರಿಕದಲ್ಲಿ 2012ರಲ್ಲೇ ಅನುಮತಿ ಸಿಕ್ಕಿದೆ.