ಗೋಲ್ಡ್‌ಫಿಶ್ ಮೈಮೇಲೆ ಬಿಳಿ ಚುಕ್ಕೆ, ಒಂದು ಮೀನು ಮೇಲೆ ಬಂದು ಬಾಯಿ ಬಿಡುತ್ತಿದೆ: ಏನು ಮಾಡಲಿ?

ವಿಜಯನಗರ_ಟ್ಯಾಂಕ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಟ್ಯಾಂಕ್ ಎರಡು ಅಡಿ ಉದ್ದ, ಒಂದಡಿ ಅಗಲ, ನೀರು ಹತ್ತು ಇಂಚು. ಒಳಗೆ ಎರಡು ಒರಾಂಡಾ (ಗೋಲ್ಡ್‌ಫಿಶ್‌ನ ಒಂದು ತಳಿ), ಒಂದು ಮಾಮೂಲಿ ಗೋಲ್ಡ್‌ಫಿಶ್, ಸ್ವಲ್ಪ ವ್ಯಾಲಿಸ್ನೇರಿಯಾ ಗಿಡ. ಕಳೆದ ಭಾನುವಾರ ಒಂದು ಬ್ಲ್ಯಾಕ್ ಮೂರ್ (ಕಪ್ಪು ಗೋಲ್ಡ್‌ಫಿಶ್) ತಂದು ನೇರವಾಗಿ ಬಿಟ್ಟೆ. ಅವತ್ತೇ ಫಿಲ್ಟರ್ ಸ್ಪಾಂಜನ್ನು ನಲ್ಲಿ ಕೆಳಗೆ ಹಿಡಿದು ಬಿಳಿ ಆಗುವವರೆಗೆ ತೊಳೆದೆ. ನೀರು ಕಾವೇರಿ ನೀರು. ಈಗ ಬ್ಲ್ಯಾಕ್ ಮೂರ್ ಮೇಲೆ ಬಿಳಿ ಚುಕ್ಕೆಗಳಿವೆ. ಒಂದು ಒರಾಂಡಾ ಫಿಲ್ಟರ್ ನೀರು ಬೀಳುವ ಜಾಗ ಬಿಟ್ಟು ಕದಲುತ್ತಿಲ್ಲ, ಮೇಲೆ ಬಾಯಿ ಬಿಡುತ್ತಿದೆ. ಅಂಗಡಿಯವರು ನೀಲಿ ಔಷಧಿ ಹತ್ತು ಹನಿ ಹಾಕಿ ಅಂದರು. ಹಾಕಬಹುದಾ?

ಕಿವಿರು

ಇನ್ನೂ ಹಾಕಬೇಡಿ. ಮೊದಲು ಚುಕ್ಕೆ ಎಲ್ಲಿದೆ ಅಂತ ಹೇಳಿ. ಕಿವಿರಿನ ಮುಚ್ಚಳದ ಮೇಲೆ, ಎದೆಯ ರೆಕ್ಕೆಯ ಮೊದಲ ಕಡ್ಡಿಯ ಉದ್ದಕ್ಕೆ ಮಾತ್ರ ಸಾಲಾಗಿ ಇದ್ದರೆ ಅದು ರೋಗವೇ ಅಲ್ಲ, ಗಂಡು ಗೋಲ್ಡ್‌ಫಿಶ್‌ಗೆ ಮರಿ ಮಾಡುವ ಕಾಲದಲ್ಲಿ ಏಳುವ ಗುಳ್ಳೆ. ಬಾಲ, ಬೆನ್ನು, ಹೊಟ್ಟೆ ಅಂತ ಕ್ರಮವಿಲ್ಲದೆ ಚದುರಿದ್ದು, ಉಪ್ಪಿನ ಕಾಳಿನಷ್ಟು ಗಾತ್ರವಿದ್ದು, ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ ವೈಟ್ ಸ್ಪಾಟ್, ಅಂದರೆ ಇಚ್. ಕಪ್ಪು ಮೀನಿನ ಮೇಲೆ ಸುಲಭವಾಗಿ ಕಾಣುತ್ತದೆ. ಬಿಳಿ ರೆಕ್ಕೆಯ ಮೀನಿಗೆ ಕೋಣೆಯ ದೀಪ ಆರಿಸಿ, ಪಕ್ಕದಿಂದ ಟಾರ್ಚ್ ಹಿಡಿದು ನೋಡಿ. ಮೀನು ಕಲ್ಲಿಗೆ ಮೈ ಉಜ್ಜುತ್ತಿದೆಯಾ? ಅಮೋನಿಯ, ನೈಟ್ರೈಟ್, ಪಿಎಚ್, ಉಷ್ಣಾಂಶ ನಾಲ್ಕನ್ನೂ ಅಳೆದು ಬರೆಯಿರಿ. ಬಾಯಿ ಬಿಡುತ್ತಿರುವ ಮೀನಿನ ಮೇಲೆ ಚುಕ್ಕೆ ಇಲ್ಲ ಅಂದರೆ ನನಗೆ ಚುಕ್ಕೆಗಿಂತ ನೀರಿನ ಮೇಲೆ ಅನುಮಾನ.

ವಿಜಯನಗರ_ಟ್ಯಾಂಕ್

ಚುಕ್ಕೆ ಬಾಲದಲ್ಲೂ ಬೆನ್ನಲ್ಲೂ ಇದೆ ಸರ್. ಮೊನ್ನೆ ಆರು ಎಣಿಸಿದ್ದೆ, ಇವತ್ತು ಇಪ್ಪತ್ತು ದಾಟಿದೆ. ಮಾಮೂಲಿ ಗೋಲ್ಡ್‌ಫಿಶ್ ಕಲ್ಲಿಗೆ ಉಜ್ಜುತ್ತಿದೆ. ಅಮೋನಿಯ 2 ಪಿಪಿಎಂ, ನೈಟ್ರೈಟ್ 0.5, ಪಿಎಚ್ 8, ಉಷ್ಣಾಂಶ 23 ಡಿಗ್ರಿ.

ಕಿವಿರು

ಹಾಗಾದರೆ ಎರಡು ತೊಂದರೆ ಒಟ್ಟಿಗೇ ಇವೆ. ಇಚ್ ಬಹುಶಃ ಹೊಸ ಮೀನಿನ ಜೊತೆ ಬಂದಿದೆ. ಅಮೋನಿಯ ಏರಿದ್ದು ಸ್ಪಾಂಜ್ ತೊಳೆದಿದ್ದರಿಂದ. ಅಮೋನಿಯವನ್ನು ತಿಂದು ಕರಗಿಸುವ ಬ್ಯಾಕ್ಟೀರಿಯಾ ಇರುವುದೇ ಆ ಸ್ಪಾಂಜಿನಲ್ಲಿ, ನಲ್ಲಿ ನೀರಿನ ಕ್ಲೋರಿನ್ ಅದನ್ನು ಕೊಂದಿದೆ. ಇನ್ನು ಮುಂದೆ ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಸ್ಪಾಂಜನ್ನು ಹಿಂಡಿ.

ಅಮೋನಿಯ ಮೊದಲು, ಇಚ್ ಆಮೇಲೆ. ಈ ಕ್ರಮ ತಪ್ಪಿದರೆ ಮೀನು ಹೋಗುತ್ತದೆ. ಯಾಕೆಂದರೆ ಪಿಎಚ್ 7ರಲ್ಲಿ ಒಟ್ಟು ಅಮೋನಿಯದಲ್ಲಿ ವಿಷ ರೂಪದ್ದು ನೂರಕ್ಕೆ ಒಂದು ಪಾಲೂ ಇರುವುದಿಲ್ಲ, ಪಿಎಚ್ 8ರಲ್ಲಿ ಸುಮಾರು ಐದು ಪಾಲು. ನೀರು ಬಿಸಿಯಾದಷ್ಟೂ ಆ ಪಾಲು ಇನ್ನೂ ಏರುತ್ತದೆ. ಇಚ್‌ಗೆ ಹೀಟರ್ ಹಾಕಿ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ, ಆದರೆ ನಿಮ್ಮ ನೀರಿನಲ್ಲಿ ಇವತ್ತೇ ಹೀಟರ್ ಹಾಕಿದರೆ ಸುಟ್ಟ ಕಿವಿರನ್ನು ಇನ್ನಷ್ಟು ಸುಟ್ಟಂತೆ.

ಈಗಲೇ ಅರ್ಧ ನೀರು ಬದಲಿಸಿ. 60×30×25 ಸೆಂಮೀ ಅಂದರೆ 45 ಲೀಟರ್, ಕಲ್ಲು ಕಳೆದು 40 ಅಂತ ಇಟ್ಟುಕೊಳ್ಳಿ. 20 ಲೀಟರ್ ತೆಗೆಯುವಾಗ ಪೈಪನ್ನು ಕಲ್ಲಿನೊಳಗೆ ಚುಚ್ಚಿ ಕೊಳೆ ಎಳೆಯಿರಿ. ರೋಗದ ಗೂಡುಗಳು ಬಿದ್ದಿರುವುದೂ ಅಲ್ಲೇ. ಹೊಸ ನೀರಿಗೆ ಆಂಟಿಕ್ಲೋರ್ (ಕ್ಲೋರಿನ್ ತೆಗೆಯುವ ಔಷಧಿ) ಹಾಕಿ, ಹಳೆಯ ನೀರಿನಷ್ಟೇ ಬೆಚ್ಚಗಿದೆಯಾ ನೋಡಿ ಸುರಿಯಿರಿ. ನಾಳೆ ಇನ್ನೊಮ್ಮೆ ಅರ್ಧ. ಏರ್ ಸ್ಟೋನ್ (ನೀರಿಗೆ ಗಾಳಿಯ ಗುಳ್ಳೆ ಬಿಡುವ ಕಲ್ಲು) ಹಗಲೂ ರಾತ್ರಿಯೂ ಓಡಲಿ. ಎರಡು ದಿನ ಊಟ ಬೇಡ, ತಿನ್ನದ ಮೀನಿನಿಂದ ಅಮೋನಿಯವೂ ಕಡಿಮೆ ಬರುತ್ತದೆ.

ಉಪ್ಪು ಇವತ್ತೇ ಶುರು ಮಾಡಬಹುದು: ಲೀಟರಿಗೆ 2 ಗ್ರಾಂ, ನಿಮಗೆ ಒಟ್ಟು 80 ಗ್ರಾಂ ಕಲ್ಲುಪ್ಪು. ಚಮಚದ ಲೆಕ್ಕ ಬೇಡ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಮೂರು ಪಾಲು ಮಾಡಿ 12 ಗಂಟೆಗೆ ಒಂದರಂತೆ, ಪ್ರತಿ ಪಾಲನ್ನೂ ಒಂದು ಮಗ್ಗು ನೀರಿನಲ್ಲಿ ಪೂರ್ತಿ ಕರಗಿಸಿ, ಫಿಲ್ಟರ್ ನೀರು ಬೀಳುವ ಜಾಗದಲ್ಲಿ ನಿಧಾನವಾಗಿ ಬಿಡಿ. ನೈಟ್ರೈಟ್ ಕಿವಿರಿನ ಮೂಲಕ ರಕ್ತಕ್ಕೆ ಇಳಿಯುವುದನ್ನೂ ಇದೇ ಉಪ್ಪಿನ ಕ್ಲೋರೈಡ್ ತಡೆಯುತ್ತದೆ. ವ್ಯಾಲಿಸ್ನೇರಿಯಾಕ್ಕೆ ಉಪ್ಪಿನ ಭಯವಿದ್ದರೆ ಕಿತ್ತು, ಉಪ್ಪು ತೆಗೆಯುವವರೆಗೆ ಮೀನಿಲ್ಲದ ಬಕೆಟ್ಟಿನಲ್ಲಿ ಇಡಿ.

ಧಾರವಾಡ_ಮೀನು

ಮ್ಯಾಲಿನವರು ಹೇಳಿದ್ದು ಖರೆ ಐತ್ರಿ. ಎರಡು ಮಾತು ಸೇರಸ್ತೀನಿ. ನೀರು ಬದಲಿಸಿದಾಗೆಲ್ಲಾ ಮತ್ತ 80 ಗ್ರಾಂ ಉಪ್ಪು ಹಾಕಬ್ಯಾಡ್ರಿ. ಉಪ್ಪು ಆವಿ ಆಗಿ ಹೋಗಂಗಿಲ್ಲ. 20 ಲೀಟರ್ ತಗದ್ರ 40 ಗ್ರಾಂ ಅಷ್ಟ ಹಾಕ್ರಿ, ಆವಿ ಆದ ನೀರಿನ ಬದಲಿಗೆ ಬರೀ ನೀರು ಸುರೀರಿ. ಇದೊಂದು ಲೆಕ್ಕ ತಪ್ಪಿ ಭಾಳ ಮೀನು ಸತ್ತಾವ.

ಎರಡನೇದು, ಆ ನೀಲಿ ಔಷಧಿ ಮೆಥಿಲೀನ್ ಬ್ಲೂ ಇರಬೇಕು. ಅದು ಫಿಲ್ಟರಿನ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಕೊಡ್ತದ, ಮೊದಲ ಅಮೋನಿಯ ಏರಿದ ಟ್ಯಾಂಕಿಗೆ ಬ್ಯಾಡ. ಅಂಚಿನ ಸಿಲಿಕೋನ್ ಸೈತ ನೀಲಿ ಆಗ್ತದ. ಉಪ್ಪಿಗೆ ಬಗ್ಗಲಿಲ್ಲ ಅಂದ್ರ ಮ್ಯಾಲಕೈಟ್ ಗ್ರೀನ್ ಇರೋ ಔಷಧಿ ತರ್ರಿ, ಬಾಟಲಿ ಮ್ಯಾಲಿನ ಅಳತಿ ದಾಟಬ್ಯಾಡ್ರಿ, ಕೈಗವಸು ಹಾಕ್ಕೊಳ್ರಿ, ಫಿಲ್ಟರಿನೊಳಗ ಇದ್ದಿಲು ಇದ್ರ ಮೊದಲ ತಗೀರಿ. ಇದ್ದಿಲು ಔಷಧೀನೆಲ್ಲಾ ಹೀರಿಬಿಡ್ತದ.

ಹೀಟರ್ ವಿಷಯದಾಗ ನನ್ನ ಅಭಿಪ್ರಾಯ: ಗೋಲ್ಡ್‌ಫಿಶ್ ತಂಪು ನೀರಿನ ಮೀನು, 30 ಡಿಗ್ರಿ ಬ್ಯಾಡ. ಅಮೋನಿಯ ಸೊನ್ನೆಗೆ ಬಂದ ಮ್ಯಾಲೆ ದಿನಕ್ಕ ಒಂದೆರಡು ಡಿಗ್ರಿ ಹಂಗ 27ಕ್ಕ ಒಯ್ದು ನಿಲ್ಲಸ್ರಿ. ಬಿಸಿ ನೀರು ಆಕ್ಸಿಜನ್ ಕಡಿಮಿ ಹಿಡೀತದ, ಅದಕ್ಕ ಏರ್ ಸ್ಟೋನ್ ಬಂದ್ ಮಾಡಬ್ಯಾಡ್ರಿ.

ವಿಜಯನಗರ_ಟ್ಯಾಂಕ್

ಐದನೇ ದಿನ. ಅಮೋನಿಯ 0.25, ಒರಾಂಡಾ ಕೆಳಗೆ ಇಳಿದು ಓಡಾಡುತ್ತಿದೆ. ಚುಕ್ಕೆ ಪೂರ್ತಿ ಹೋಗಿದೆ! ಉಪ್ಪು ತೆಗೆಯಬಹುದಾ?

ಕಿವಿರು

ಒರಾಂಡಾ ಚೇತರಿಸಿಕೊಂಡಿದ್ದು ತುಂಬಾ ಸಂತೋಷ. ಆದರೆ ಉಪ್ಪು ತೆಗೆಯಬೇಡಿ, ಸಾಮಾನ್ಯವಾಗಿ ಎಲ್ಲರೂ ಎಡವುವುದು ಇಲ್ಲೇ. ಚುಕ್ಕೆ ಅನ್ನುವುದು ಮೀನಿನ ಚರ್ಮದ ಅಡಿಯಲ್ಲಿ ಕೂತು ಬೆಳೆಯುವ ಪರೋಪಜೀವಿ. ಅಲ್ಲಿರುವಾಗ ಉಪ್ಪಾಗಲಿ ಔಷಧಿಯಾಗಲಿ ಅದನ್ನು ಮುಟ್ಟುವುದಿಲ್ಲ. ಬಲಿತ ಮೇಲೆ ಕಳಚಿ ತಳಕ್ಕೆ ಬಿದ್ದು, ಗೂಡು ಕಟ್ಟಿ, ಒಂದೊಂದೂ ನೂರಾರು ಮರಿಗಳಾಗಿ ಒಡೆಯುತ್ತದೆ. ಆ ಮರಿಗಳು ಈಜುತ್ತಾ ಮೀನನ್ನು ಹುಡುಕುವ ಒಂದೆರಡು ದಿನದಲ್ಲಿ ಮಾತ್ರ ಅವನ್ನು ಕೊಲ್ಲಲು ಸಾಧ್ಯ. ನಿಮ್ಮ ಚುಕ್ಕೆ ಹೋಯಿತು ಅಂದರೆ ಅವು ಈಗ ತಳದಲ್ಲಿವೆ. ಚುಕ್ಕೆ ಕಾಣದಿದ್ದರೂ ಕಿವಿರಿನೊಳಗೆ ಇರಬಹುದು.

ಇವತ್ತಿನಿಂದ ಇನ್ನೂ ಹತ್ತು ದಿನ ಉಪ್ಪು ಇರಲಿ. ದಿನ ಬಿಟ್ಟು ದಿನ ಕಲ್ಲಿನ ಕೊಳೆ ಎಳೆಯಿರಿ. ಊಟ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟು. ಹತ್ತು ದಿನದಲ್ಲಿ ಒಂದೇ ಒಂದು ಚುಕ್ಕೆ ಮತ್ತೆ ಕಂಡರೂ ಲೆಕ್ಕ ಮೊದಲಿನಿಂದ. ಆಮೇಲೆ ಎರಡು ದಿನಕ್ಕೊಮ್ಮೆ ಕಾಲು ಭಾಗ ನೀರನ್ನು ಉಪ್ಪಿಲ್ಲದ ನೀರಿನಿಂದ ಬದಲಿಸುತ್ತಾ ಹೋಗಿ. ಬಲೆ, ಪೈಪು, ಮಗ್ಗು ಎಲ್ಲವನ್ನೂ ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ. ಇಚ್ ಒಣಗಿದರೆ ಬದುಕುವುದಿಲ್ಲ.

ಧಾರವಾಡ_ಮೀನು

ನಾಕು ಗೋಲ್ಡ್‌ಫಿಶ್‌ಗೆ 40 ಲೀಟರ್ ಭಾಳ ಕಡಿಮಿ ಆತ್ರಿ. ಮೀನು ಅರಾಮಾದ ಮ್ಯಾಲೆ ದೊಡ್ಡ ಟ್ಯಾಂಕ್ ನೋಡ್ರಿ, ಇಲ್ಲಾ ಎರಡು ಮೀನು ಯಾರಿಗಾದ್ರೂ ಕೊಡ್ರಿ. ಹೊಸ ಮೀನು ತಂದ್ರ ಬ್ಯಾರೆ ಟಬ್ಬಿನಾಗ, ಬ್ಯಾರೆ ಬಲೆ ಇಟ್ಕೊಂಡು, ಮೂರು ವಾರ ನೋಡ್ರಿ.