ಇಯರ್‌ಫೋನ್ ವೈರಿನಲ್ಲಿ ಯಾರದೋ ಮಾತು ಕೇಳಿಸುತ್ತಿದೆ, ಏನಿದು?

ಪ್ರಶ್ನೆ: ನಮಸ್ಕಾರ ಸರ್. ರಾತ್ರಿ ವೈರ್ ಇಯರ್‌ಫೋನ್ ಹಾಕಿಕೊಂಡು ಆಡಿಯೋ ಪಾಠ ಕೇಳುತ್ತೇನೆ. ಒಂದು ವಾರದಿಂದ, ಪಾಠ ನಿಲ್ಲಿಸಿದ ಮೇಲೂ ಕಿವಿಯಲ್ಲಿ ಸಣ್ಣಗೆ ಯಾರೋ ಮಾತಾಡಿದ ಹಾಗೆ ಕೇಳುತ್ತದೆ. ನಿನ್ನೆ ಹಾಡಿನ ತುಣುಕೂ ಬಂತು. ವೈರನ್ನು ಮುಷ್ಟಿಯಲ್ಲಿ ಹಿಡಿದರೆ ದನಿ ಇಳಿಯುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ. ಯಾರಾದರೂ ಫೋನ್ ಹ್ಯಾಕ್ ಮಾಡಿದ್ದಾರಾ? ನಿಜಕ್ಕೂ ಭಯವಾಗಿದೆ.

ಉತ್ತರ: ಮೊದಲು ಭಯ ಬಿಡಿ ಮೇಡಂ. ವೈರ್ ಹಿಡಿದರೆ ದನಿ ಇಳಿಯುತ್ತದೆ ಅಂದಿರಲ್ಲ, ಅದರಲ್ಲೇ ಉತ್ತರ ಇದೆ. ಫೋನಿನೊಳಗೆ ಯಾರಾದರೂ ಕೈ ಹಾಕಿದ್ದರೆ, ನೀವು ವೈರ್ ಮುಟ್ಟಿದ್ದಕ್ಕೆ ದನಿ ಬದಲಾಗುತ್ತಿರಲಿಲ್ಲ. ನಿಮ್ಮ ವೈರ್ ಆಂಟೆನಾ ಆಗಿದೆ, ಅಷ್ಟೇ.

ಹತ್ತಿರದಲ್ಲಿ ಮಧ್ಯಮ ತರಂಗದ, ಅಂದರೆ ಎಎಂ ರೇಡಿಯೋದ ದೊಡ್ಡ ಟವರ್ ಇರಬಹುದು. ಎಎಂನಲ್ಲಿ ದನಿಗೆ ತಕ್ಕಂತೆ ಅಲೆಯ ಬಲವೇ ಏರಿಳಿಯುತ್ತದೆ. ಆ ಅಲೆಯ ಒಂದು ಬದಿಯನ್ನು ಮಾತ್ರ ದಾಟಲು ಬಿಡುವ ಏನಾದರೊಂದು ಸಿಕ್ಕರೆ ಸಾಕು, ದನಿ ಹೊರಗೆ ಬರುತ್ತದೆ. ಫೋನಿನ ಆಂಪ್ಲಿಫೈಯರ್ ಚಿಪ್ ಆ ಕೆಲಸ ಮಾಡಬಹುದು. ಕಿಲುಬು ಹಿಡಿದ ಪ್ಲಗ್ ಕೂಡ ಮಾಡಬಹುದು. ಹಳೇ ಕಾಲದ ಕ್ರಿಸ್ಟಲ್ ರೇಡಿಯೋ ಬ್ಯಾಟರಿಯೇ ಇಲ್ಲದೆ, ಒಂದು ಗ್ಯಾಲೀನಾ (ಸೀಸದ ಅದಿರು) ಹರಳು ಮತ್ತು ಉದ್ದನೆಯ ವೈರಿನಿಂದ ಕೆಲಸ ಮಾಡುತ್ತಿದ್ದದ್ದು ಹೀಗೇ.

ಎಫ್‌ಎಂ ಈ ದಾರಿಯಲ್ಲಿ ಸುಲಭವಾಗಿ ಬರುವುದಿಲ್ಲ. ಅಲ್ಲಿ ಬದಲಾಗುವುದು ಅಲೆಯ ಬಲ ಅಲ್ಲ, ಆವರ್ತನ. ಹಾಗಾಗಿ ಸ್ಪಷ್ಟವಾಗಿ ಎಫ್‌ಎಂ ಸ್ಟೇಷನ್ನೇ ಕೇಳಿಸಿದರೆ ರೇಡಿಯೋ ಆ್ಯಪ್ ಹಿಂದೆ ಓಡುತ್ತಿದೆಯಾ ನೋಡಿ. ಎಫ್‌ಎಂ ಇರುವ ಫೋನ್‌ಗಳು ಇಯರ್‌ಫೋನ್ ವೈರನ್ನು ಬೇಕಂತಲೇ ಆಂಟೆನಾ ಮಾಡಿಕೊಳ್ಳುತ್ತವೆ. 100 ಮೆಗಾಹರ್ಟ್ಸ್ ಅಲೆಯ ಉದ್ದ 3 ಮೀಟರ್, ಅದರ ಕಾಲು ಭಾಗ 75 ಸೆಂಟಿಮೀಟರ್. ಅದಕ್ಕೆ ಮೀಟರ್ ಉದ್ದದ ವೈರ್ ಸಾಕಾಗುತ್ತದೆ.

ಈಗ ಎರಡು ಕೆಲಸ ಮಾಡಿ. ವಾಲ್ಯೂಮ್ ಪೂರ್ತಿ ಇಳಿಸಿ ಕೇಳಿ. ಆಮೇಲೆ ಚಾರ್ಜರ್ ತೆಗೆದು ಕೇಳಿ.

ಪ್ರಶ್ನೆ: ಮಾಡಿದೆ ಸರ್. ವಾಲ್ಯೂಮ್ ಸೊನ್ನೆಗೆ ತಂದರೂ ಮಾತು ಅಷ್ಟೇ ಇತ್ತು. ಚಾರ್ಜರ್ ಕಿತ್ತ ಕೂಡಲೇ ಹೆಚ್ಚುಕಮ್ಮಿ ನಿಂತೇ ಹೋಯಿತು!

ಉತ್ತರ: ಒಳ್ಳೇದಾಯ್ತು. ವಾಲ್ಯೂಮ್‌ಗೆ ಬಗ್ಗದಿದ್ದರೆ, ಅಲೆ ವಾಲ್ಯೂಮ್ ನಿಯಂತ್ರಣ ದಾಟಿದ ಮೇಲಿನ ಭಾಗಕ್ಕೆ, ಅಂದರೆ ಇಯರ್‌ಫೋನ್ ಕಡೆಯಿಂದ ನುಗ್ಗುತ್ತಿದೆ ಎಂದರ್ಥ. ಚಾರ್ಜರ್ ಕೇಬಲ್ ಒಂದು ಕಡೆ, ಇಯರ್‌ಫೋನ್ ವೈರ್ ಇನ್ನೊಂದು ಕಡೆ, ಫೋನ್ ನಡುವೆ. ಎರಡೂ ಸೇರಿ ಆಂಟೆನಾದ ಎರಡು ತೋಳು ಆಗಿಬಿಟ್ಟಿವೆ. ಜೊತೆಗೆ ಕರೆಂಟ್ ವೈರಿಂಗ್ ಕೂಡ ಅದಕ್ಕೆ ಅಂಟಿಕೊಂಡಿದೆ.

ಪಾಠ ಕೇಳುವಾಗ ಚಾರ್ಜರ್ ಬೇಡ. ಇಯರ್‌ಫೋನ್ ಪ್ಲಗ್ಗನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ನಾಲ್ಕೈದು ಸಲ ಹಾಕಿ ತೆಗೆಯಿರಿ. ಆಮೇಲೂ ಉಳಿದರೆ ಫೆರೈಟ್ ಕ್ಲಿಪ್, ಅಂದರೆ ವೈರಿನಲ್ಲಿ ಬರುವ ರೇಡಿಯೋ ಅಲೆ ತಡೆಯುವ ಸಣ್ಣ ಕ್ಲಿಪ್, ತಂದು ಇಯರ್‌ಫೋನ್ ವೈರಿನ ಫೋನ್ ಕಡೆಯ ತುದಿಗೆ ಹಾಕಿ. ಅದರೊಳಗೆ ವೈರನ್ನು ಒಂದೇ ಸುತ್ತು ಹಾಕಿ ಕೂರಬೇಡಿ, ಮಧ್ಯಮ ತರಂಗಕ್ಕೆ ಅದು ಸಾಲದು. ಮೂರು ಸುತ್ತು ಸುತ್ತಿದರೆ ತಡೆ ಸುಮಾರು 9 ಪಟ್ಟು ಆಗುತ್ತದೆ.

ಇನ್ನೊಬ್ಬರ ಪ್ರಶ್ನೆ: ನನಗೆ ಮಾತು ಬರಲ್ಲ, ಕರೆ ಬರೋದಕ್ಕೆ ಮುಂಚೆ ಟರ್‌ರ್ ಟರ್‌ರ್ ಅಂತ ಸದ್ದು. ಇದೂ ಅದೇನಾ?

ಉತ್ತರ: ಹತ್ತಿರದ ನೆಂಟ. ಅದು ನಿಮ್ಮ ಫೋನಿನದೇ ಸದ್ದು. 2ಜಿಯಲ್ಲಿ ಫೋನ್ ಒಂದೇ ಸಮನೆ ಕಳಿಸುವುದಿಲ್ಲ, ಸೆಕೆಂಡಿಗೆ ಸುಮಾರು 217 ಸಲ ಬಿಟ್ಟು ಬಿಟ್ಟು ಕಳಿಸುತ್ತದೆ. ಆ ಹೊಡೆತವೇ ವೈರ್ ಮೂಲಕ ನಿಮಗೆ ಟರ್‌ರ್ ಅಂತ ಕೇಳುತ್ತದೆ. ಸೆಟ್ಟಿಂಗ್‌ನಲ್ಲಿ 4ಜಿ ಮೇಲೆ ಇಟ್ಟರೆ ಸಾಮಾನ್ಯವಾಗಿ ಹೋಗುತ್ತದೆ.

ಮೊದಲು ಕೇಳಿದವರ ಪ್ರಶ್ನೆ: ಸರ್, ಇದೇ ಹೆಡ್‌ಸೆಟ್ಟಿನ ಮೈಕಿನಲ್ಲಿ ಪಾಠ ರೆಕಾರ್ಡ್ ಕೂಡ ಮಾಡುತ್ತೇನೆ. ಅದರಲ್ಲೂ ಬಂದಿರುತ್ತಾ?

ಉತ್ತರ: ಬಂದಿರುವ ಸಾಧ್ಯತೆ ಜಾಸ್ತಿ, ಮತ್ತು ನನಗೆ ಹೆಚ್ಚು ಚಿಂತೆ ಇರುವುದು ಅದರ ಬಗ್ಗೆಯೇ. ಮೈಕ್ ಸಿಗ್ನಲ್ ಬರೀ ಕೆಲವು ಮಿಲಿವೋಲ್ಟ್. ಫೋನ್ ಅದನ್ನು ತುಂಬ ಹಿಗ್ಗಿಸುತ್ತದೆ, ಒಳನುಗ್ಗಿದ ರೇಡಿಯೋನೂ ಜೊತೆಗೆ ಹಿಗ್ಗುತ್ತದೆ. ಒಮ್ಮೆ ಮಾತಿನ ಜೊತೆ ಬೆರೆತರೆ ಆಮೇಲೆ ಪೂರ್ತಿ ತೆಗೆಯೋಕೆ ಆಗಲ್ಲ. ವೈರ್ ಕಿತ್ತು ಫೋನಿನ ಸ್ವಂತ ಮೈಕಿನಲ್ಲೇ ಮಾಡಿ. ಶುರು ಮಾಡುವ ಮುಂಚೆ ಹತ್ತು ಸೆಕೆಂಡ್ ಸುಮ್ನೆ ಕೂತು ರೆಕಾರ್ಡ್ ಮಾಡಿ, ವಾಲ್ಯೂಮ್ ಏರಿಸಿ ಕೇಳಿ. ಆ ಹತ್ತು ಸೆಕೆಂಡಿನಲ್ಲಿ ಯಾರೂ ಮಾತಾಡದಿದ್ದರೆ ಪಾಠ ಶುರು ಮಾಡಿ.